ವಯರಿಗಿಂತ ಮೊದಲು ದಾರ

ರೇಡಿಯೋ ಮಾವನ ಬಲಗಿವಿಗೆ ಯಾವಾಗಲೂ ಎರಡು ಸುತ್ತು ಬಿಳಿ ದಾರ ಇರುತ್ತಿತ್ತು. ಬೇರೆಯವರು ಬೀಡಿ ಸಿಕ್ಕಿಸುವ ಜಾಗದಲ್ಲಿ ಅವರು ಹೊಲಿಗೆಯ ನೂಲು ಸುತ್ತಿಕೊಳ್ಳುತ್ತಿದ್ದರು. ಗುರುತಿಲ್ಲದವರು, ಈ ಮನುಷ್ಯ ಕಿವಿಯಿಂದ ಜನಿವಾರ ಇಳಿಸಲು ಮರೆತು ಪೇಟೆಗೆ ಬಂದಿದ್ದಾರೆಂದು ಮೆಲ್ಲಗೆ ಸನ್ನೆ ಮಾಡುವುದಿತ್ತು. ಮಾವ ಅವರಿಗೆ ನಗುತ್ತಾ ಕೈಮುಗಿಯುವರು; ದಾರ ಮಾತ್ರ ಅಲ್ಲೇ.

ಅವರು ನನ್ನ ಅಮ್ಮನಿಗೆ ಸಂಬಂಧದಲ್ಲಿ ತಮ್ಮ. ಮನೆ ನರಿಮೊಗರಿನಲ್ಲಿ, ರೇಡಿಯೋ ರಿಪೇರಿಯ ಅಂಗಡಿ ಪುತ್ತೂರು ಪೇಟೆಯಲ್ಲಿ. ಅರುವತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆ ಕಾರುಗಳೇ ಕಡಿಮೆ, ಕಾರಿನೊಳಗೆ ರೇಡಿಯೋ ಇದ್ದವರು ಇನ್ನೂ ಕಡಿಮೆ. ಅಂಥ ಕೆಲಸ ಬಂದರೆ ಮಾವ ಮೊದಲಿಗೆ ವಯರು ಮುಟ್ಟುತ್ತಿರಲಿಲ್ಲ. ಕಿವಿಯ ದಾರ ಬಿಚ್ಚಿ, ವಯರು ಹೋಗಬೇಕಾದ ದಾರಿಯುದ್ದಕ್ಕೂ ಎಳೆದು, ಅಲ್ಲಲ್ಲಿ ಮೇಣ ಒತ್ತಿ ಕಾರನ್ನು ಓಡಿಸಲು ಕಳುಹಿಸುವರು. ಕೆಲವು ದಿನ ಜನ ಹತ್ತಲಿ, ಇಳಿಯಲಿ, ಗೋಣಿ ತುಂಬಲಿ. ದಾರ ಎಲ್ಲಿ ಕಡಿಯಿತೋ ಅಲ್ಲಿ ವಯರಿಗೆ ಜಾಗವಿಲ್ಲ. "ಯಾರು ಎಲ್ಲಿ ಕಾಲಿಡ್ತಾರೆ ಅಂತ ನಂಗೆ ಎಂತ ಗೊತ್ತು? ದಾರ ಹೇಳ್ತದೆ" ಎನ್ನುತ್ತಿದ್ದರು.

ಆಗ ನಾನು ಸುಳ್ಯದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ಮಂಡೆಕೋಲಿನ ನಮ್ಮ ಮನೆಯಿಂದ ತಂಗಿಯನ್ನು ರಾಮಕುಂಜಕ್ಕೆ ಕೊಡುವುದೆಂದು ನಿಶ್ಚಯವಾಯಿತು. ಸಂಬಂಧ ಒಳ್ಳೆಯದು, ಹುಡುಗ ಒಳ್ಳೆಯವನು, ರಸ್ತೆ ಮಾತ್ರ ಒಳ್ಳೆಯದಲ್ಲ. ತಂಗಿಗೆ ಮೋಟಾರು ಹತ್ತಿದರೆ ವಾಂತಿ. ಮದುಮಗಳು ಧಾರೆ ಸೀರೆಗೆ ವಾಂತಿ ಮಾಡಿಕೊಂಡು ಗಂಡನ ಮನೆಯ ಅಂಗಳದಲ್ಲಿ ಇಳಿಯುವುದು ಹೇಗೆಂದು ಅಮ್ಮನಿಗೆ ನಿದ್ದೆಯಿಲ್ಲ. ಗಂಡಿನ ಕಡೆಯವರಿಗೆ ಸುಳಿವು ಸಿಗಬಾರದೆಂದು ನಮಗೆಲ್ಲ ತಾಕೀತು ಬೇರೆ. ಅದಕ್ಕೆ ನನಗೆ ಗೊತ್ತಿದ್ದ ಮದ್ದು ಒಂದೇ: ಹಾಡು ಕೇಳುತ್ತಿದ್ದರೆ ಅವಳಿಗೆ ಹೊಟ್ಟೆಯ ನೆನಪಾಗುವುದಿಲ್ಲ. ನಾನೇ ಹಾಡುತ್ತೇನೆಂದೆ. ನೀನು ಹಾಡಿದರೆ ಮದುಮಗನಿಗೂ ವಾಂತಿ ಬಂದೀತು ಎಂದಳು ತಂಗಿ.

ಹಾಗೆ ಒಂದು ಹಳೆಯ ಕಾರು ರೇಡಿಯೋ ಸಂಪಾದಿಸಿ ಮಾವನ ಅಂಗಡಿಗೆ ಹೋದೆ. ಅವರು ಅದನ್ನು ಸರಿಮಾಡಿ, ಸ್ಪೀಕರನ್ನು ಹಿಂದಿನ ಸೀಟಿನ ಬೆನ್ನಿಗೆ ಕೂರಿಸಿ, ದಾರ ಎಳೆದು ಕಳುಹಿಸಿದರು. ಮೊದಲ ದಾರ ಬಾಗಿಲ ಬುಡದಲ್ಲಿ ಬಾಳೆಗೊನೆ ಉಜ್ಜಿ ಕಡಿಯಿತು. ಎರಡನೆಯದು ಮುಂದಿನ ಸೀಟಿನ ಅಡಿಯಲ್ಲಿ. ಮಾವ ಬಗ್ಗಿ ನೋಡಿ, "ಇದು ಗಿರಾಕಿಗಳದ್ದಲ್ಲ, ನಿಂದೇ ಹಿಮ್ಮಡಿ ಮಾರಾಯ" ಎಂದರು. ಇನ್ನು ತಲೆಯ ಮೇಲೆ, ಕಾರಿನ ಮಾಡಿಗೆ ಒಳಬದಿಯಿಂದ ಹೊದಿಸಿದ ಬಟ್ಟೆಯ ಮರೆಯಲ್ಲೇ ಹೋಗಲಿ ಎಂದು ಮೂರನೆಯ ದಾರ ಎಳೆಯುವಷ್ಟರಲ್ಲಿ ಮದುವೆ ನಾಳೆಗೆ ಬಂದಿತ್ತು.

ಒಂದು ದಿನದ ಮಟ್ಟಿಗೆ ಹೇಗಾದರೂ ವಯರು ಎಳೆದುಬಿಡಿ ಎಂದು ಅಂಗಲಾಚಿದೆ.

"ಒಂದು ದಿನಕ್ಕೆ ಅಂತ ಎಳೆದದ್ದನ್ನು ನೀನು ಮತ್ತೆ ತೆಗೀಲಿಕ್ಕಿಲ್ಲ. ಅದು ಅಲ್ಲೇ ಉಜ್ಜಿ ಉಜ್ಜಿ ಒಂದು ದಿನ ಬೆಂಕಿ ಹಿಡೀತದೆ. ಆಗುದಿಲ್ಲ."

ತಂಗಿಯ ಗತಿಯೇನು ಎಂದರೆ ಮೂರನೆಯ ದಾರಕ್ಕೆ ಮೇಣ ಒತ್ತತೊಡಗಿದರು. ಬರುತ್ತೇನೆಂದೂ ಹೇಳದೆ ಮುಖ ಊದಿಸಿಕೊಂಡು ಹೊರಟುಬಂದೆ.

ಮರುದಿನ ನಮ್ಮ ಮನೆಯಲ್ಲಿ ಧಾರೆ, ಊಟ ಮುಗಿದು ಹೊರಡುವ ಹೊತ್ತಾಯಿತು. ತಂಗಿ ಹೊಟ್ಟೆಗೆ ಏನೂ ಹಾಕದೆ, ಸೆರಗಿನಲ್ಲಿ ಲಿಂಬೆ ಹುಳಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಆಗ ಮಾವ ಹೆಗಲಿನ ಬೈರಾಸಿನಲ್ಲಿ ಸುತ್ತಿದ ರೇಡಿಯೋ ಹಿಡಿದು ಬಂದು ನನ್ನ ಪಕ್ಕ ಹತ್ತಿದರು. ರೇಡಿಯೋವನ್ನು ತೊಡೆಯ ಮೇಲೆ ಇಟ್ಟುಕೊಂಡು, ಸ್ಪೀಕರಿಗೆ ಹೋಗುವ ವಯರನ್ನು ಯಾರ ಕಾಲಿಗೂ ಬಾಗಿಲಿಗೂ ತಾಗದ ಹಾಗೆ ಬಲಗೈಯಲ್ಲಿ ಎತ್ತಿ, ಸೀಟಿನ ಮೇಲಿಂದ ಹಿಂದಕ್ಕೆ ಚಾಚಿ ಹಿಡಿದರು.

ಮದುಮಗ ಮರ್ಯಾದೆಗೆ, ತಾನು ಹಿಡಿಯುತ್ತೇನೆಂದ.

"ಬೇಡ. ನೀವು ಇವತ್ತು ಒಂದು ಕೈ ಹಿಡಿದದ್ದು ಸಾಕು" ಎಂದರು ಮಾವ.

ಸುಳ್ಯ ಕಳೆಯಿತು, ಪುತ್ತೂರು ಕಳೆಯಿತು, ಉಪ್ಪಿನಂಗಡಿಯೂ ಕಳೆಯಿತು. ಗುಡ್ಡದ ಮರೆಯಲ್ಲಿ ಹಾಡು ಮಾಯವಾದರೆ ಮಾವ ಎಡಗೈಯಲ್ಲಿ ಗುಂಡಿ ತಿರುಗಿಸಿ ಇನ್ನೊಂದನ್ನು ಹುಡುಕುವರು. ಬಲಗೈ ಮಾತ್ರ ಇಳಿಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ತಂಗಿ ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು.

ರಾಮಕುಂಜದಲ್ಲಿ ಸಂಜೆಯ ಊಟಕ್ಕೆ ಎಲೆ ಹಾಕಿದರು. ಮಾವನ ಬಲಗೈ ಏಳಲೇ ಇಲ್ಲ. ಜೋಮು ಹಿಡಿದು ತೊಡೆಯ ಮೇಲೆ ಬಿದ್ದಿತ್ತು. ಎಡಗೈಯಲ್ಲಿ ಉಣ್ಣುವ ಹಾಗಿಲ್ಲ. ಹಸಿವಿಲ್ಲ ಎಂದರು. ತಂಗಿಯ ಅತ್ತೆ ಬಡಿಸುತ್ತಾ, "ಎಂತ, ನಮ್ಮ ಅಡುಗೆ ಮನಸ್ಸಿಗೆ ಬರಲಿಲ್ಲವಾ?" ಎಂದು ಕೇಳಿಯೇಬಿಟ್ಟರು. ಹೊಸ ಬೀಗರ ಬಾಯಲ್ಲಿ ಅದು ಸಣ್ಣ ಮಾತಲ್ಲ. ಕಾರಣ ಹೇಳಿದರೆ ಅಮ್ಮನ ಗುಟ್ಟು ಹೊರಬೀಳುತ್ತದೆ. ಮಾವ ತಲೆ ತಗ್ಗಿಸಿ ಎಲೆ ನೋಡುತ್ತಾ ಕೂತರು.

ಒಳಬಾಗಿಲಲ್ಲಿ ನಿಂತಿದ್ದ ತಂಗಿಯೇ ಬಾಯಿಬಿಟ್ಟಳು. "ಅತ್ತೆ, ನಂಗೆ ಕಾರಿನಲ್ಲಿ ವಾಂತಿ ಬರ್ತದೆ. ಬಾರದ ಹಾಗೆ ಮಾವ ದಾರಿಯಿಡೀ ಕೈ ಎತ್ತಿ ಹಾಡು ಕೇಳಿಸಿದ್ದು. ಈಗ ಕೈ ಏಳುದಿಲ್ಲ ಅವರಿಗೆ."

ಅತ್ತೆ ಸೌಟು ಕೆಳಗಿಟ್ಟರು. "ನಾನು ಮಂಡೆಕೋಲಿಗೆ ಮದುವೆಗೆ ಬಾರದ್ದು ಎಂತಕ್ಕೆ ಅಂತ ಮಾಡಿದ್ದಿ ಮಾರಾಯ್ತಿ? ನಂಗೂ ಅದೇ ಕಷ್ಟ."

ನಗು ನಿಲ್ಲುವಷ್ಟರಲ್ಲಿ ಬಿಸಿ ಎಣ್ಣೆ ಬಂದಿತ್ತು. ಮದುಮಗನೇ ಕೂತು ಮಾವನ ಕೈ ತಿಕ್ಕಿದ. ಆ ಕೈ ಅನ್ನಕ್ಕೆ ಇಳಿಯುವವರೆಗೆ ಆ ಪಂಕ್ತಿಯಲ್ಲಿ ಯಾರೂ ಉಣ್ಣಲಿಲ್ಲ.

ಮೂರನೆಯ ದಾರ ಕಡಿಯಲಿಲ್ಲ. ಅದರ ಜಾಡಿನಲ್ಲೇ ಮಾವ ವಯರು ಎಳೆದರು. ಆಮೇಲೆ ಕಾರು ಹತ್ತಿದವರೆಲ್ಲ ಹಾಡು ಎಲ್ಲಿಂದ ಬರುತ್ತದೆಂದು ಸುತ್ತ ನೋಡುತ್ತಿದ್ದರು. ಒಂದೆಳೆ ವಯರು ಯಾರ ಕಣ್ಣಿಗೂ ಬಿದ್ದದ್ದಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಮಾವ ತೀರಿಕೊಂಡ ಸುದ್ದಿ ಬಂತು. ತಂಗಿಯನ್ನು ಕರೆತರಲು ರಾಮಕುಂಜಕ್ಕೆ ಹೋದೆ. ಅಂಥ ದಿನ ರೇಡಿಯೋ ಹಾಕುವುದುಂಟೇ? ಉಪ್ಪಿನಂಗಡಿಯ ಈಚೆಗಿನ ತಿರುವುಗಳಲ್ಲಿ ಅವಳ ಮುಖ ಬಿಳುಚಿಕೊಂಡಿತು.

"ಹಾಕು ಅಣ್ಣ" ಎಂದಳು. "ಮಾವನ ಮನೆಯಂಗಳದಲ್ಲಿ ನಾನು ವಾಂತಿ ಮಾಡಿಕೊಂಡು ಇಳಿಯುದು ಬೇಡ."

ನಾನು ಗುಂಡಿ ತಿರುಗಿಸಿದೆ. ನಮ್ಮ ತಲೆಯ ಮೇಲೆ, ಬಟ್ಟೆಯ ಮರೆಯಲ್ಲಿ ಮಾವ ಹಾಕಿಕೊಟ್ಟ ದಾರಿಯಲ್ಲಿ ಹಾಡು ಅವಳ ಹತ್ತಿರ ಹೋಯಿತು. ಒಂದು ಕರಕರ ಸದ್ದೂ ಇಲ್ಲದೆ, ನರಿಮೊಗರಿನವರೆಗೂ.