ಗಂಗವ್ವನ ಆರು ನಿಮಿಷದ ನಡಿಗೆ

ಮೂರನೇ ದಿನವೂ ಗಂಗವ್ವ ಅಷ್ಟೇ ದೂರ ನಡೆದಳು.

ಗದಗಿನ ಒಂದು ಆಸ್ಪತ್ರೆಯ ವರಾಂಡ. ಈ ತುದಿಗೊಂದು ಕುರ್ಚಿ, ಆ ತುದಿಗೊಂದು ಕುರ್ಚಿ. ಆರು ನಿಮಿಷದಲ್ಲಿ ಪೇಶಂಟ್ ಎಷ್ಟು ಸುತ್ತು ಹಾಕುತ್ತಾರೆ ಅಂತ ಎಣಿಸಿದರೆ ಅವರ ದಮ್ಮು ಎಷ್ಟಿದೆ ಅಂತ ಗೊತ್ತಾಗುತ್ತದೆ. ನಾನಾಗ ಫಿಸಿಯೋಥೆರಪಿ ಓದುತ್ತಿದ್ದೆ, ತಲೆತುಂಬ ಥೀಸಿಸ್.

ಗಂಗವ್ವ ಶಿಗ್ಲಿಯವಳು. ಟಿಬಿ ವಾಸಿಯಾಗಿತ್ತು, ಏದುಸಿರು ಉಳಿದಿತ್ತು. ಎರಡು ತಿಂಗಳು ನಮ್ಮಲ್ಲಿ ಉಸಿರಾಟದ ವ್ಯಾಯಾಮ ಮಾಡಿದ್ದಳು. ಶಾಲೆಯ ಬಿಸಿಯೂಟದ ಅಡುಗೆ ಕೆಲಸಕ್ಕೆ ಮರಳಬೇಕೆಂದರೆ ನಮ್ಮ ಫಿಟ್‌ನೆಸ್ ಪತ್ರ ಬೇಕಿತ್ತು.

ನಾನು ಬರೆದೇಬಿಟ್ಟೆ... ಕೆಲಸಕ್ಕೆ ಆಗುವುದಿಲ್ಲ.

ಸಹಿಗೆ ಪಾಟೀಲ ಸರ್ ಹತ್ತಿರ ಹೋದೆ. ಹೋದ ವಾರ ತೀರಿಕೊಂಡರಲ್ಲ, ನಮ್ಮ ಮೇಷ್ಟ್ರು, ಅವರೇ. ಏಕೀಕರಣದ ವರ್ಷ ಲಕ್ಷ್ಮೇಶ್ವರದಲ್ಲಿ ಹುಟ್ಟಿದವರು, ಜೀವನವಿಡೀ ಜನರ ಉಸಿರಿನ ಹಿಂದೆ ಬಿದ್ದವರು. ಪಾಠ, ಸಂಶೋಧನೆ, ಪೇಶಂಟು ಎಲ್ಲ ಅವರಿಗೆ ಒಂದೇ ಕೆಲಸ.

"ಊದೂ ಟೆಸ್ಟ್ ಸುಧಾರಿಸೇತಿ, ಆಕ್ಸಿಜನ್ ಚಲೋ ಐತಿ. ಮತ್ತ ಆಕಿಗೆ ನಡ್ಯಾಕ ಯಾಕ ಆಗವಲ್ದು?"

ಸರ್ ಸಹಿ ಹಾಕದೆ ಪತ್ರ ವಾಪಸು ಕೊಟ್ಟರು. ಅವರಿಗೆ ಇಂಥದ್ದೇ ಖುಷಿ! ಉತ್ತರ ಸಿಗದ ಪ್ರಶ್ನೆ ಎದುರಾದರೆ ಮನುಷ್ಯ ಊಟ ಮರೆಯುತ್ತಿದ್ದರು.

ಮರುದಿನ ಮತ್ತೆ ನಡೆಸಿದೆ. ಸರ್ ಮೂಲೆಯಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದರು.

ವರಾಂಡದ ನಡುವೆ ಒಂದು ಬೆಂಚು. ಅದರ ಮೇಲೆ ಅವಳನ್ನು ಕರೆತಂದ ಮಾವ, ಗಂಡನ ಅಪ್ಪ, ಕೂತಿದ್ದಾರೆ. ಹತ್ತಿರ ಬಂದಾಗೆಲ್ಲ ಗಂಗವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ, ಗೋಡೆಗೆ ಸರಿಯುತ್ತಾಳೆ, ಹೆಜ್ಜೆ ಸಣ್ಣದಾಗುತ್ತದೆ. ದಾಟಿ ಇನ್ನೇನು ವೇಗ ಹಿಡಿಯಬೇಕು, ಕುರ್ಚಿ ಬಂತು. ತಿರುಗಿದರೆ ಮತ್ತೆ ಮಾವ!

ನಾನು ಮುಂಡರಗಿಯವಳು. ನಮ್ಮವ್ವ, ಚಿಗವ್ವ ಮನೆಯೊಳಗೆ ಹೀಗೆ ನಡೆಯುವುದನ್ನೇ ನೋಡುತ್ತ ಬೆಳೆದವಳು. ಅದಕ್ಕೇ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ನಾಚಿಕೆಯಾಯಿತು.

ಸರ್ ಮಾವನ ಹತ್ತಿರ ಹೋದರು. "ಬರ್ರಿ ಯಜಮಾನ್ರ, ಚಾ ಕುಡಿಯೂಣು."

ಹೋಗುತ್ತ ನನ್ನ ಕಡೆ ತಿರುಗಿ, "ಅರ್ಧಾ ತಾಸು ಬಿಟ್ಟು ಮತ್ತ ನಡಸವಾ. ಅಲ್ಲೀತನಕ ಇವರನ್ನ ನಾ ಬಿಡಂಗಿಲ್ಲ" ಎಂದರು.

ಗಂಗವ್ವ ನಡೆದಳು... ಏನು ನಡಿಗೆ ಅಂತೀರಿ! ಆರು ಸುತ್ತು ಹೆಚ್ಚು. ಟೈಮ್ ಮುಗಿಯಿತು ಎಂದರೂ ನಿಲ್ಲುತ್ತಿಲ್ಲ.

"ಅಕ್ಕಾರ, ಮಾವಾರು ಬರೂದ್ರಾಗ ಇನ್ನೊಂದು ಸುತ್ತ ಹಾಕ್ಲೇನ್ರಿ?"

ಹಳೆಯ ಪತ್ರ ಹರಿದೆ, ಹೊಸದು ಬರೆದೆ. ಸೋಮವಾರ ಅವಳು ಶಾಲೆಯ ಅಡುಗೆಮನೆಗೆ ಹೋದಳು.

ಆಮೇಲೆ ಸರ್ ನಮ್ಮ ರಿಸರ್ಚ್ ಫಾರ್ಮಿಗೆ ಒಂದು ಕಾಲಂ ಸೇರಿಸಿದರು: ನಡೆಯುವಾಗ ಎದುರಿಗೆ ಯಾರಿದ್ದರು? ಹೊರಗಿನಿಂದ ಬಂದ ಪರೀಕ್ಷಕರು ನಕ್ಕರು. ಸರ್ ಮಾತ್ರ ಅದನ್ನು ತೆಗೆಯಲಿಲ್ಲ.

ಈಗ ನಾನೂ ಪಾಠ ಮಾಡುತ್ತೇನೆ. ಸರ್ ಹೋದ ಮೇಲೆ ಯಾಕೋ ಆ ಕಾಲದ ನೋಟ್‌ಬುಕ್ ತೆಗೆದು ಕೂತಿದ್ದೇನೆ. ಗಂಗವ್ವನಿಗೂ ಮುಂಚೆ "ಕೆಲಸಕ್ಕೆ ಆಗುವುದಿಲ್ಲ" ಅಂತ ನಾನು ಬರೆದು ಮನೆಗೆ ಕಳಿಸಿದ ಹೆಣ್ಣುಮಕ್ಕಳ ಹೆಸರುಗಳು ಇದರಲ್ಲಿವೆ.

ಅವರಲ್ಲಿ ಎಷ್ಟು ಜನಕ್ಕೆ ನಿಜವಾಗಿಯೂ ಆಗುತ್ತಿರಲಿಲ್ಲ?