ದೋಹಾದ ಚಳಿಗೆ ನಮ್ಮೂರಿನ ಮದ್ದು

ತೊಂಬತ್ತರ ದಶಕದ ಒಂದು ಜನವರಿಯಲ್ಲಿ ಹೆಂಡತಿ ನಾಲ್ಕು ತಿಂಗಳ ಮಗಳೊಂದಿಗೆ, ನಾನು ಕೆಲಸಕ್ಕಿದ್ದ ದೋಹಾಕ್ಕೆ ಬರುವುದೆಂದು ನಿಶ್ಚಯವಾಯಿತು. ಮಗಳನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. "ಅಲ್ಲಿ ಈಗ ಚಳಿಯಂತೆ. ಮಗುವಿಗೆ ಶೀತ ಆದ್ರೆ ಮುಂದಿನ ವಿಮಾನದಲ್ಲೇ ವಾಪಸ್," ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ಹೇಳಿದ್ದನ್ನು ಮಾಡಿಯೇ ತೀರುವವಳು.

ದೋಹಾ ಅಲ್ ಜದೀದಾ ಬಡಾವಣೆಯ ನನ್ನ ಕೋಣೆಯೋ, ಸೆಕೆಯನ್ನು ಓಡಿಸಲೆಂದೇ ಕಟ್ಟಿದ್ದು. ಎ.ಸಿ.ಗೆ ತಣ್ಣಗೆ ಊದುವುದು ಮಾತ್ರ ಗೊತ್ತು. ಮಂಗಳೂರು ಕಡೆಯವನಾದ ನನಗೆ ಮನೆ ಬಿಸಿ ಮಾಡುವುದೆಂದರೇನೆಂದೇ ತಿಳಿಯದು. ಹಾಗಾಗಿ ಆಫೀಸಿನಲ್ಲಿದ್ದ ಚಳಿ ದೇಶದವರನ್ನು ಹಿಡಿದೆ.

ಬ್ರಿಟಿಷ್ ಎಂಜಿನಿಯರನ ಊರಲ್ಲಿ ಮನೆಮನೆಗೂ ಗ್ಯಾಸಿನ ಪೈಪು. ಆ ಗ್ಯಾಸಿನಿಂದ ನೀರು ಕಾಯಿಸಿ ಗೋಡೆಗೆ ಆನಿಸಿದ ಕಬ್ಬಿಣದ ಪೆಟ್ಟಿಗೆಗಳಲ್ಲಿ ಹರಿಸುತ್ತಾರಂತೆ. ಕೊರಿಯಾದ ಫೋರ್‌ಮನ್ ನಕ್ಕುಬಿಟ್ಟ. ಅವನ ಜನ ಉಣ್ಣುವುದೂ ಮಲಗುವುದೂ ನೆಲದ ಮೇಲೆ, ಆದ್ದರಿಂದ ಬಿಸಿ ಇರಬೇಕಾದ್ದು ನೆಲದಡಿ, ಗೋಡೆಗೇನು ಚಳಿಯೇ? ಕೆನಡಾದವನ ಮನೆಯಲ್ಲಿ ಬಿಸಿಗಾಳಿಯೇ ಕೊಳವೆಯಲ್ಲಿ ಬರುತ್ತದೆ, ಬೇಸಿಗೆಯಲ್ಲಿ ಅದೇ ಕೊಳವೆಯಲ್ಲಿ ತಂಗಾಳಿ. ಮೂವರೂ ಟೀ ಆರುವವರೆಗೆ ಜಗಳವಾಡಿದರು. ನನಗೆ ಅರ್ಥವಾದದ್ದಿಷ್ಟು: ಊರಲ್ಲಿ ಸುಲಭಕ್ಕೆ ಸಿಗುವುದೇನು, ಜನ ಕೂರುವುದೆಲ್ಲಿ ಎಂಬುದನ್ನು ನೋಡಿಕೊಂಡು ಮನೆ ಬಿಸಿಯಾಗುತ್ತದೆ.

ನಮ್ಮ ಕರಾವಳಿಯವರು ಕಾಯಿಸುವುದು ಸ್ನಾನದ ನೀರನ್ನು ಮಾತ್ರ. ಸರಿ, ಹೆಂಡತಿ, ಮಗಳು ಬರುವ ದಿನ ಬೆಳಿಗ್ಗೆ ಗೀಸರ್ ಹಾಕಿ, ಮನೆಯಲ್ಲಿದ್ದ ಬಕೆಟು, ಚೆಂಬು, ಪಾತ್ರೆಗಳಿಗೆಲ್ಲ ಬಿಸಿನೀರು ತುಂಬಿ, ಕೋಣೆಯ ಸುತ್ತ ಸಾಲಾಗಿಟ್ಟು ಏರ್‌ಪೋರ್ಟಿಗೆ ಹೋದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ.

ಬಂದು ಬಾಗಿಲು ತೆರೆದರೆ ಗೋಡೆಗಳು ಬೆವರುತ್ತಿದ್ದವು. ಕ್ಯಾಲೆಂಡರ್ ಮುದುಡಿತ್ತು, ಹಾಸಿಗೆ ಒದ್ದೆ.

"ಎಂತ ಮಾರಾಯ್ರೇ ಇದು, ಬಚ್ಚಲಲ್ಲಿ ಸಂಸಾರ ಮಾಡ್ಲಿಕ್ಕುಂಟಾ?" ಎನ್ನುತ್ತ ಹೆಂಡತಿ ಕಿಟಕಿ ತೆರೆದಳು. ತಣ್ಣನೆ ಗಾಳಿ ನುಗ್ಗಿತು. ಮಗಳು ಸೀನಿದಳು. ಕಿಟಕಿ ಮುಚ್ಚಲು ಓಡಿದೆ, ಕಂಬಳಿ ಹುಡುಕಿದೆ, ಬಕೆಟ್ ಎಡವಿದೆ.

"ಅದೆಲ್ಲ ಇರ್ಲಿ," ಅಂದಳು. "ಏರ್‌ಪೋರ್ಟಿಂದ ಇಲ್ಲಿವರೆಗೆ ಬ್ಯಾಗು ಮಾತ್ರ ಹಿಡ್ಕೊಂಡ್ರಿ. ಇವಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ."

ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಫೋಟೋದಲ್ಲಿ ಅವಳು ಇಷ್ಟು ಚಿಕ್ಕವಳಾಗಿ ಕಂಡಿರಲಿಲ್ಲ. ಅಂಗಿಯ ಗುಂಡಿ ಬಿಚ್ಚಿ, ಅವಳನ್ನು ಎದೆಗೆ ಒರಗಿಸಿಕೊಂಡು ಕಂಬಳಿ ಹೊದ್ದೆ. ಸ್ವಲ್ಪ ಹೊತ್ತಿಗೆ ಅವಳು ನಿದ್ದೆಹೋದಳು. ನಾನು ಊಟಕ್ಕೂ ಏಳದೆ, ಉಸಿರನ್ನೂ ಮೆಲ್ಲಗೆ ಬಿಡುತ್ತ ಕೂತಿದ್ದೆ.

ಹೆಂಡತಿ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಸೂಟ್‌ಕೇಸ್ ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಇಡತೊಡಗಿದಳು.