ಉಧ್ನಾಕ್ಕೆ ಒಯ್ದ ಪರಿತ್ತದ ನೂಲು

ಕಲಬುರಗಿಯಲ್ಲಿ ರೈಲು ಹತ್ತಿದವಳು ಅಹಮದಾಬಾದಿನಲ್ಲಿ ಇಳಿಯುವ ಹೊತ್ತಿಗೆ ಕಾಲು ಬಾತು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಮಳೆ ನಿಂತಿತ್ತು, ಸೆಕೆ ನಿಂತಿರಲಿಲ್ಲ. ವಸ್ತ್ರಾಪುರದ ತಮ್ಮನ ಮನೆಗೆ ಆಟೋದವ ಇನ್ನೂರು ಕೇಳಿದ. ಮೂವತ್ತು ವರ್ಷ ನರ್ಸ್ ಆಗಿದ್ದವಳು, ಯಾರ ಜೊತೆಗಾದರೂ ವಾದ ಮಾಡುವ ಜಾತಿ ನನ್ನದು. ಅವತ್ತು ಸುಮ್ಮನೆ ಹತ್ತಿ ಕೂತೆ.

ತಮ್ಮ ಅಲ್ಲೊಂದು ಸಂಶೋಧನಾ ಸಂಸ್ಥೆಯಲ್ಲಿ ನೌಕರ. ಅವನ ಮಗಳು ಸುಜಾತಾ ಸೂರತ್ತಿನ ಉಧ್ನಾದಲ್ಲಿದ್ದಾಳೆ, ಎಂಟು ತಿಂಗಳ ಬಸುರಿ. ಹೋದ ಸಲ ಏಳರಲ್ಲಿ ಕೂಸು ಹೋಗಿತ್ತು. ಈ ಸಲ ಎಲ್ಲ ಸರಿಯಿದೆ ಅಂತ ಡಾಕ್ಟರು ಹೇಳಿದರೂ ಹೆದರಿಕೆಗೆ ಅವಳ ಕಣ್ಣು ಮುಚ್ಚುತ್ತಿಲ್ಲ. ಪರಿತ್ತ ಓದಿಸಿ ಅಂತ ಹಟ ಹಿಡಿದಿದ್ದಳು. ನಾವು ಬೌದ್ಧರು. ಪರಿತ್ತ ಅಂದರೆ ಆಪತ್ತಿನಲ್ಲಿ ರಕ್ಷೆಗೆಂದು ಮಾಡುವ ಪಾಲಿ ಪಠಣ. ನೀರಿನ ತಂಬಿಗೆಯಿಟ್ಟು, ಒಂದೇ ಬಿಳಿ ನೂಲನ್ನು ಎಲ್ಲರೂ ಹಿಡಿದು ಕೂಡುತ್ತೇವೆ.

"ವಡೋದರಾದಾಗ ಒಬ್ರು ಭಂತೇಜಿ ಅದಾರ ಅಕ್ಕಾ. ನೀನೇ ಕರ್ಕೊಂಡು ಹೋಗು, ನನಗ ರಜೆ ಸಿಗವಲ್ದು. ನೀ ಹೋದ್ರ ಆಕಿಗೂ ಧೈರ್ಯ," ಅಂದ ತಮ್ಮ.

ನಾನು ಧೈರ್ಯ ಕೊಡುವವಳಂತೆ. ನಮ್ಮ ಕಡೆ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ರೂಢಿ. ಸುಜಾತಾ ತೊಟ್ಟಿಲಲ್ಲಿದ್ದಾಗಲೇ ನನ್ನ ಸೊಸೆ ಅಂತ ನಿಶ್ಚಯ ಮಾಡಿಕೊಂಡಿದ್ದೆ. ಅವಳು ಸೂರತ್ತಿನ ಹುಡುಗನನ್ನು ಮೆಚ್ಚಿದಳು. ಮದುವೆ ದಿನ ಅವಳ ಕಿವಿಯಲ್ಲಿ ಒಂದು ಕೆಟ್ಟ ಮಾತು ಹೇಳಿ ಊಟ ಮಾಡದೆ ಎದ್ದು ಬಂದೆ. ಕೂಸು ಹೋದಾಗ ಮುಖ ತೋರಿಸಲಿಲ್ಲ. ಮಾತಿನಿಂದ ಗರ್ಭ ಹೋಗುವುದಿಲ್ಲ ಅಂತ ನರ್ಸಿಗೆ ಗೊತ್ತು, ಅತ್ತೆಗೆ ಗೊತ್ತಾಗಬೇಕಲ್ಲ. ತಮ್ಮನಿಗೆ ಇದ್ಯಾವುದೂ ತಿಳಿಯದು.

ಮರುದಿನ ವಡೋದರಾ, ನೂರು ಕಿಲೋಮೀಟರು. ಅರ್ಧ ದಾರಿ ನಿಂತೇ ಹೋದೆ. ಸ್ಟೇಷನ್ನಿನ ಹೊರಗೆ ಸೇವ್ ಉಸಳ್ ತಿಂದೆ. ಖಾರಕ್ಕೆ ಕಲಬುರಗಿಯವಳಿಗೂ ಮೂಗು ಸೋರಿತು. ವಿಹಾರ ಒಂದು ಗಲ್ಲಿಯ ಕೊನೆಯಲ್ಲಿತ್ತು. ಭಂತೇಜಿ ಎಪ್ಪತ್ತು ದಾಟಿದ ಭಿಕ್ಷು. ನನ್ನ ಮಾತು ಮುಗಿಯುವ ತನಕ ಕೇಳಿ, "ಈಗ ವರ್ಷಾವಾಸ ಅಲ್ಲವೇ ತಾಯಿ?" ಅಂದರು ಹಿಂದಿಯಲ್ಲಿ.

ಹಣೆ ಹಣೆ ಬಡಿದುಕೊಂಡೆ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ವಿಹಾರ ಬಿಟ್ಟು ರಾತ್ರಿ ಹೊರಗೆ ಉಳಿಯುವುದಿಲ್ಲ. ಬುದ್ಧಿ ಬಂದಾಗಿನಿಂದ ಗೊತ್ತಿದ್ದ ಸಂಗತಿ, ಅಕ್ಕ ತಮ್ಮ ಇಬ್ಬರಿಗೂ ಹೊಳೆದಿರಲಿಲ್ಲ. ಹೋಗಿ ಸಂಜೆಗೆ ತಿರುಗಿ ಬರೋಣವೆಂದರೆ ಮುಂದೆ ಹಳಿಯ ಮೇಲೆ ನೀರು ಬಂದು ಎಲ್ಲ ರೈಲೂ ತಡ.

"ನೀವೇ ಓದಿ," ಅಂತ ನೂಲಿನ ಉಂಡೆ ಕೊಟ್ಟರು. "ಹಿಂದೆ ಕೊಲೆಗಾರನಾಗಿದ್ದ ಒಬ್ಬ ಭಿಕ್ಷು ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸಿಗೆ ಹೇಳಿದ ಮಾತೇ ಈ ಪರಿತ್ತ. ಭಿಕ್ಷುವಿನ ಚೀವರ ತೊಟ್ಟ ಮೇಲೆ ತಿಳಿದೂ ತಿಳಿದೂ ಒಂದು ಜೀವ ತೆಗೆದಿಲ್ಲ, ಈ ಸತ್ಯದಿಂದ ನಿನಗೆ ಒಳಿತಾಗಲಿ ಅಂದ. ಹೇಳುವವರ ಮಾತು ಸತ್ಯವಾಗಿರಬೇಕು, ಅಷ್ಟೇ."

ಅಷ್ಟೇ ಅಂತೆ. ನಮಸ್ಕಾರ ಮಾಡಿ ಸ್ಟೇಷನ್ನಿಗೆ ಬಂದೆ. ಸೂರತ್ತಿಗೆ ನೂರಮೂವತ್ತು ಕಿಲೋಮೀಟರು, ಹಿಡಿದದ್ದು ಏಳು ತಾಸು. ಉಧ್ನಾದಲ್ಲಿ ಅಳಿಯ ಬಂದು ಚೀಲ ಇಸಕೊಂಡ, ಹಳೆಯದೇನೂ ಎತ್ತಲಿಲ್ಲ. ಮಾತಾಡಲು ತ್ರಾಣವಿಲ್ಲದೆ ಬಿದ್ದುಕೊಂಡೆ.

ಬೆಳಿಗ್ಗೆ ಅವನು ಸೀರೆ ಮಿಲ್ಲಿಗೆ ಹೋದ ಮೇಲೆ ತಂಬಿಗೆಯಲ್ಲಿ ನೀರಿಟ್ಟು, ನೂಲಿನ ಒಂದು ತುದಿ ಸುಜಾತಾಳ ಕೈಗೆ ಕೊಟ್ಟೆ. ಇನ್ನೊಂದು ಕೈಯಲ್ಲಿ ಅವಳು ದೊಡ್ಡ ಲೋಟದ ತುಂಬ ಮಜ್ಜಿಗೆ ಹಿಡಿದಿದ್ದಳು.

"ಮುಂಜಾನೆದ್ದು ಮಜ್ಜಿಗಿ ಯಾಕವ್ವಾ?"

"ನೀವೇ ಹೇಳಿದ್ರಲ್ಲ ಅತ್ತಿ, ಮದುವೇಲಿ. ನಿನ್ನ ಹೊಟ್ಟಿ ತಣ್ಣಗ ಇರೂದಿಲ್ಲ ಅಂತ." ಅಹಮದಾಬಾದಿನಲ್ಲೇ ಬೆಳೆದವಳು, ಅವಳ ಕನ್ನಡ ಅಷ್ಟಕ್ಕಷ್ಟೇ. "ನೀವು ನರ್ಸ್, ನೋಡೇ ಗೊತ್ತಾಗಿರ್ಬೇಕು, ನನ್ನ ಪೇಟ್ ಗರಮ್ ಅಂತ. ತಬ್ ಸೇ ರೋಜ್ ಛಾಸ್ ಕುಡೀತೀನಿ. ಹೋದ ಸಲ ಕಮ್ಮಿ ಕುಡಿದೆ ಅನಸ್ತದ. ಅದಕ್ಕೇ ಕೂಸು ಹೋಯ್ತು."

ಸುಮ್ಮನಿದ್ದರೆ ಅವಳ ಕಣ್ಣಿಗೆ ನಾನು ಒಳ್ಳೆಯ ಅತ್ತೆಯಾಗೇ ಉಳಿಯುತ್ತಿದ್ದೆ. ಫೋನು ತೆಗೆದು ಪಾಲಿ ಓದಲು ಹೋದರೆ ಮೊದಲ ಸಾಲಿಗೇ ನಾಲಿಗೆ ಏಳಲಿಲ್ಲ. ಫೋನು ಕೆಳಗಿಟ್ಟೆ.

"ಅದು ನರ್ಸಿನ ಮಾತಲ್ಲ ಸುಜಾತಾ, ಶಾಪ. ನನ್ನ ಮಗನ್ನ ಒಲ್ಲೆ ಅಂದಿ ಅಂತ ಸಿಟ್ಟಿಲೆ ಹಾಕಿದ್ದೆ, ನಿನಗ ಮಕ್ಕಳ ಸುಖ ಇರಬಾರದು ಅಂತ. ಮಜ್ಜಿಗಿ ಕಮ್ಮಿ ಆಗಿ ಕೂಸು ಹೋಗಿಲ್ಲ. ನಿಂದೇನೂ ತಪ್ಪಿಲ್ಲ. ನಾ ಹೇಳೂದು ಖರೆ. ಈ ಖರೆ ಮಾತಿನಿಂದ ನಿನಗೂ ಕೂಸಿಗೂ ಒಳ್ಳೇದಾಗಲಿ. ನಿನ್ನ ಹೊಟ್ಟಿ ತಣ್ಣಗಿರಲಿ."

ಶಾಪ ಅನ್ನುವುದು ಅವಳಿಗೆ ತಿಳಿಯಿತು. ಲೋಟ ಕೆಳಗಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ಎದ್ದು ಸೀರೆ ಮಡಚಿ ಚೀಲಕ್ಕೆ ಹಾಕತೊಡಗಿದೆ. ಸಂಜೆಗೆ ತಿರುಗಿ ಹೋಗುವ ರೈಲಿತ್ತು.

"ಟಿಕೆಟ್ ಕ್ಯಾನ್ಸಲ್ ಮಾಡ್ರಿ," ಅಂದಳು ಗೋಡೆಗೆ. "ಡೆಲಿವರಿ ಆಗೋತನಕ ಇಲ್ಲೇ ಇರ್ರಿ. ಈಗ ಹೇಳಿದ್ರಲ್ಲ, ಆ ಮಾತು ರೋಜ್ ಹೇಳ್ಬೇಕು ನನಗ."

ಕನ್ನಡಕ ಹುಡುಕಿ, ಫೋನಿನಲ್ಲಿ ಟಿಕೆಟ್ ರದ್ದು ಮಾಡುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.